ಹಿತ್ತಿಲ ಸಮುದ್ರ

ಜೂನ್ ೧೨, ೨೦೦೬, ಸೋಮವಾರ

ಪುರಸಭೆಯ ಆರೋಗ್ಯ ನಿರೀಕ್ಷಕ ಪರಮಶಿವಯ್ಯ ಇವತ್ತು ಮತ್ತೆ ಬಂದಿದ್ದರು. ಚನ್ನರಾಯಪಟ್ಟಣದ ಅರ್ಧ ಜನ ಚಿಕೂನ್‌ಗುನ್ಯ ಬಂದು ಮೊಣಕಾಲು ಹಿಡಿದುಕೊಂಡು ಓಡಾಡುತ್ತಿದ್ದಾರೆ. ಅವರೂ ಕುಂಟಿಕೊಂಡೇ ಬಂದರು. ಹಿತ್ತಿಲಿನ ಸಿಮೆಂಟ್ ತೊಟ್ಟಿಗೆ ಬಗ್ಗಿ ನೋಡಿ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು.

"ಅಮ್ಮಾವ್ರೆ, ಇದು ನೀರೋ ಸೊಪ್ಪಿನ ಸಾರೋ? ಚೆಲ್ಬುಡಿ ಅತ್ಲಾಗೆ. ಇನ್ನೊಂದ್ಸಲ ಬಂದಾಗ್ಲೂ ಇಂಗೇ ಇದ್ರೆ ನಾವೇ ಬಂದು ತೊಟ್ಟಿ ಒಡೀಬೇಕಾಯ್ತದೆ."

ಆಗಲಿ ಅಂದೆ. ಚೆಲ್ಲುವುದಿಲ್ಲ.

ಆ ನೀರು ನಮ್ಮ ಯಜಮಾನರು ತುಂಬಿಸಿದ್ದು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತೆಂದು ಎದ್ದು ಹೋಗಿ, ತೊಟ್ಟಿ ಕಂಠದವರೆಗೆ ತುಂಬಿಸಿ, ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಕಾಫಿ ತಂದೆ. ಕುಡಿಯಲಿಲ್ಲ. ಅಷ್ಟೇ.

ಅಂದಿನಿಂದ ಆ ತೊಟ್ಟಿಯಿಂದ ಒಂದು ಚೊಂಬು ನೀರನ್ನೂ ನಾನು ಎತ್ತಿಲ್ಲ. ಬಟ್ಟೆ ಒಗೆಯಲು ಬೀದಿ ನಲ್ಲಿಯಿಂದ ಹೊತ್ತು ತರುತ್ತೇನೆ. ಇದನ್ನು ಪರಮಶಿವಯ್ಯನವರಿಗೆ ಹೇಗೆ ಹೇಳುವುದು? ಸೊಳ್ಳೆ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ.

ಈ ಡೈರಿ ಕೊಬ್ಬರಿ ಮಂಡಿಯವರು ಇವರಿಗೆ ಹೊಸ ವರ್ಷಕ್ಕೆ ಕೊಟ್ಟಿದ್ದು. ಖಾಲಿ ಇತ್ತು. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟು ಬರೆಯುತ್ತಿರುವುದು ಇದೇ ಮೊದಲು.

ಜೂನ್ ೧೪

ಉಪ್ಪಿಟ್ಟು ಮಾಡಿದೆ. ಉಪ್ಪು ಹಾಕಿದ್ದೆನೋ ಇಲ್ಲವೋ ಗೊತ್ತಾಗಲಿಲ್ಲ. ತಿಂದೆ.

ಜೂನ್ ೨೫, ಅಮಾವಾಸ್ಯೆ

ಸಮಾಧಿಗೆ ಹೋಗಿ ಎಡೆ ಇಟ್ಟು ಬಂದೆ. ಮುದ್ದೆ, ಬಸ್ಸಾರು, ಬಾಳೆಹಣ್ಣು, ಗಸಗಸೆ ಪಾಯಸ. ಇವರಿಗೆ ಕೋಡುಬಳೆ ಅಂದರೆ ಪ್ರಾಣ. ಆದರೆ ಕೋಡುಬಳೆ ಇಡುವ ಹಾಗಿಲ್ಲ. ಹಲ್ಲಿಲ್ಲದವರ ಮುಂದೆ ಕೋಡುಬಳೆ ಇಟ್ಟರೆ ಅದು ಎಡೆಯಲ್ಲ, ಅಣಕ.

ಹಲ್ಲಿನ ವಿಷಯ ಬರೆದುಬಿಡುತ್ತೇನೆ. ಇವರಿಗೆ ಕಟ್ಟಿಸಿದ ಹಲ್ಲು. ಹೋಗುವ ಒಂದು ವಾರದ ಮುಂಚೆ ಕೆಳಗಿನ ಸಾಲು ಕಾಣೆಯಾಯಿತು. ಎಲ್ಲಿ ಅಂದರೆ ಹಿತ್ತಿಲ ಗೋಡೆಯ ಮೇಲೆ ಇಟ್ಟಿದ್ದೆ, ಕೋತಿ ಎತ್ತಿಕೊಂಡು ಹೋಯಿತು ಅಂದರು. ಕೋತಿಗೆ ಯಾಕೆ ಹಲ್ಲು ಅಂದೆ. ಅದಕ್ಕೂ ವಯಸ್ಸಾಗಿತ್ತು ಅಂದರು. ನಾನು ನಂಬಲಿಲ್ಲ. ನಿಜ ಹೇಳಿ, ಎಲ್ಲಿ ಬೀಳಿಸಿದಿರಿ ಅಂತ ಒಂದು ವಾರ ಬೆನ್ನು ಹತ್ತಿದೆ. ಅವರು ಮಾತಿಗೆ ಮುಂಚೆ ಮುದ್ದೆ ಮುರಿದು ನುಂಗಿ, "ಮುದ್ದೆ ನುಂಗಾಕೆ ಹಲ್ಲು ಯಾಕೇ ಬೇಕು? ಹಲ್ಲಿರೋರು ಅನ್ನ ತಿನ್ಲಿ" ಅನ್ನುತ್ತಿದ್ದರು.

ಹೋದ ದಿನ ಕೂರಿಸಿ ಅಲಂಕಾರ ಮಾಡಿದಾಗ ಬಾಯಿ ಒಳಗೆ ಹೋಗಿ ಮುಖ ಬೇರೆ ಯಾರದೋ ಥರ ಕಂಡಿತು. ಊರೆಲ್ಲ ಆ ಮುಖವನ್ನೇ ನೋಡಿ ಕೈ ಮುಗಿದು ಹೋಯಿತು.

ಕೋತಿಗಳು ಈಗಲೂ ಬರುತ್ತವೆ. ಯಾವುದಾದರೂ ಹಲ್ಲು ಕಿರಿದರೆ ಹತ್ತಿರ ಹೋಗಿ ನೋಡುತ್ತೇನೆ.

ಜುಲೈ ೨, ಭಾನುವಾರ

ಪಕ್ಕದ ಮನೆ ಶ್ರೀರಂಗಮ್ಮನವರ ಮಹಡಿಗೆ ಹೊಸ ಬಾಡಿಗೆಯವಳು ಬಂದಿದ್ದಾಳೆ. ರಂಜನಿ. ಹಾಸನದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬೆಳಿಗ್ಗೆ ಬಟ್ಟೆ ಒಣಗಿಸುವಾಗ ಮೇಲಿಂದ ನಮ್ಮ ತೊಟ್ಟಿಯನ್ನು ನೋಡಿದಳಂತೆ. ಹತ್ತು ನಿಮಿಷಕ್ಕೆ ನಮ್ಮ ಬಾಗಿಲಲ್ಲಿದ್ದಳು.

ಬಂದವಳು ಮೂಗು ಮುಚ್ಚಿಕೊಳ್ಳಲಿಲ್ಲ. ತೊಟ್ಟಿಯ ಕಟ್ಟೆ ಹಿಡಿದು ಬಗ್ಗಿ, "ಆಂಟಿ, ಎಷ್ಟು ಚೆನ್ನಾಗಿದೆ ನಿಮ್ಮ ನೀರು" ಅಂದಳು.

ನನಗೆ ಅವಳ ತಲೆ ಸರಿಯಿದೆಯೇ ಅನ್ನಿಸಿತು. ಆದರೂ ಒಳಗೆ ಕರೆದು ಕಾಫಿ ಕೊಟ್ಟೆ. ಆ ನೀರನ್ನು ಚೆನ್ನಾಗಿದೆ ಅಂದವಳು ಅವಳೊಬ್ಬಳೇ.

ಅವಳು ಹೇಳಿದ್ದು ನನಗೆ ತಿಳಿದಷ್ಟು ಹೀಗೆ. ಸಮುದ್ರದ ನೀರು ಎಲ್ಲೆಲ್ಲಿ ಎಷ್ಟು ಕೆಟ್ಟಿದೆ ಅಂತ ಅಳೆಯಲು ಒಂದು ಯಂತ್ರ ಬೇಕು. ಪರದೇಶದ್ದು ಲಕ್ಷಗಟ್ಟಲೆ. ಇವಳು ಒಂದು ಮಾಡಿದ್ದಾಳೆ, ನಮ್ಮ ಮಿಕ್ಸಿಗಿಂತ ಅಗ್ಗ. ಕಪ್ಪು ಬಣ್ಣ ಬಳಿದ ಪೈಪಿನ ತುಂಡು, ನೀರು ಹೋಗದ ಹಾಗೆ ಎರಡೂ ಕಡೆ ಮುಚ್ಚಿದ್ದು. ಒಂದು ಪಕ್ಕದಲ್ಲಿ ಸಣ್ಣ ದೀಪ, ಅದರ ಪಕ್ಕದಲ್ಲಿ ಬೆಳಕು ಕಾಣುವ ಒಂದು ಕಣ್ಣು. ತಿಳಿನೀರಾದರೆ ಬೆಳಕು ನೇರ ಹೋಗಿಬಿಡುತ್ತದೆ. ನೀರಿನಲ್ಲಿ ಮಣ್ಣು ಪಾಚಿ ಇದ್ದರೆ ಅದಕ್ಕೆ ಬಡಿದು ಚೆದುರಿ ಕಣ್ಣಿಗೆ ಬೀಳುತ್ತದೆ. ಎಷ್ಟು ಬಿತ್ತು ಅಂತ ವೈರಿನ ಕೊನೆಯಲ್ಲಿ, ನೀರಿನ ಹೊರಗೆ ಇರುವ ಸಣ್ಣ ಕಿಟಕಿಯಲ್ಲಿ ಅಂಕಿ ಬರುತ್ತದೆ. ಅಂಕಿ ಹೆಚ್ಚಿದಷ್ಟೂ ಕೊಳೆ ಹೆಚ್ಚು.

ಮಂಗಳೂರಿನಲ್ಲಿ ಸಮುದ್ರದ ಸಂಶೋಧನೆ ಮಾಡುವವರು ಇದನ್ನು ಒಪ್ಪಿದರೆ ಮಲ್ಪೆಯ ಮೀನಿನ ದೋಣಿಗಳಿಗೆ ಕಟ್ಟಿ ಸಮುದ್ರಕ್ಕೆ ಬಿಡುತ್ತಾರಂತೆ. ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಮುಂಚೆ ಇದು ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಮುಳುಗಿ ಕೆಡದೆ ಇರಬೇಕು. ಹಾಸನಕ್ಕೆ ಸಮುದ್ರ ಇಲ್ಲ. ಹೊಳೆ ಹೋಗಿ ಕಡಲು ಸೇರುವ ಕಡೆ ನೀರು ಹೇಗಿರುತ್ತದೋ, ನಮ್ಮ ತೊಟ್ಟಿ ಹಾಗೇ ಇದೆಯಂತೆ. ಉಪ್ಪು ಮಾತ್ರ ಕಮ್ಮಿ.

ನೀರು ಚೆಲ್ಲುವ ಹಾಗಿಲ್ಲ ಅಂದೆ.

"ಅಯ್ಯೋ, ಚೆಲ್ಲಿದ್ರೆ ನನ್ನ ಕಥೆ ಮುಗೀತು ಆಂಟಿ. ಒಂದು ತೊಟ್ಟೂ ಚೆಲ್ಲಬಾರದು."

ಒಪ್ಪಿದೆ.

ಜುಲೈ ೯

ಎರಡು ಮೂಟೆ ಕಲ್ಲುಪ್ಪು ಬಂತು. ಗಾಡಿಯವನು ಉಪ್ಪಿನಕಾಯಿ ವ್ಯಾಪಾರವಾ ಅಂತ ಕೇಳಿದ. ಸಮುದ್ರ ಮಾಡ್ತಿದೀವಿ ಅಂದಳು ರಂಜನಿ. ಅವನು ಬಾಡಿಗೆ ಈಸಿಕೊಂಡು ಬೇಗ ಹೊರಟುಬಿಟ್ಟ.

ನಾವಿಬ್ಬರೂ ಬಕೆಟ್ಟಿನಲ್ಲಿ ಕರಗಿಸಿ ಕರಗಿಸಿ ಸುರಿದೆವು. ಬಕೆಟ್ಟಿಗೆ ನೀರು ಬೇಕಲ್ಲ, ತೊಟ್ಟಿಯದನ್ನೇ ಮೊಗೆದು ಅದಕ್ಕೇ ಹಾಕಿದೆವು. ಹೊರಗಿನ ನೀರು ಬೆರೆಸಲಿಲ್ಲ, ನಾನು ನೋಡಿಕೊಂಡೆ.

ಕಪ್ಪು ಪೈಪನ್ನು ಹಗ್ಗ ಕಟ್ಟಿ ಇಳಿಬಿಟ್ಟಳು. ಮೇಲೆ ಸೊಳ್ಳೆಪರದೆ ಹೊದಿಸಿದಳು. ಕಿಟಕಿಯಲ್ಲಿ ೮೧ ಬಂತು. ಬೆಳಿಗ್ಗೆ ಸಂಜೆ ಅಂಕಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ನನ್ನದು. ಹಾಲಿನವನ ಗೀಟುಗಳ ಪಕ್ಕದಲ್ಲಿ ಈಗ ಸಮುದ್ರದ ಅಂಕಿಯೂ ಇದೆ.

ಜುಲೈ ೧೭

ಪರಮಶಿವಯ್ಯ ಗುದ್ದಲಿ ಹಿಡಿದ ಇಬ್ಬರ ಜೊತೆ ಬಂದರು. ಇದು ಪ್ರಯೋಗದ ನೀರು, ಉಪ್ಪು ಹಾಕಿದೆ, ಈಗ ಸೊಳ್ಳೆ ಆಗುವುದಿಲ್ಲ ಅಂದೆ. ನಂಬಲಿಲ್ಲ. ಟಾರ್ಚು ಬಿಟ್ಟು ಹುಳು ಹುಡುಕಿದರು, ಸಿಗಲಿಲ್ಲ. ಕೊನೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ಮುಖ ಕಿವುಚಿದರು.

"ಇದ್ಯಾಕೋ ಸಮುದ್ರವೇ ಕಣ್ರಮ್ಮ. ಸಮುದ್ರ ಖಾಲಿ ಮಾಡ್ಸೋ ಅಧಿಕಾರ ಪುರಸಭೆಗಿಲ್ಲ. ನಡೀರ್ಲಾ."

ರಾತ್ರಿ ಹುಳಿ ಮಾಡಿದೆ. ಉಪ್ಪು ಒಂದು ಕೈ ಜಾಸ್ತಿಯಾಗಿತ್ತು. ರಂಜನಿಗೆ ಕೊಡುವ ಮೊದಲು ನೀರು ಬೆರೆಸಿದೆ. ಅವಳು ಹಾಸನದಿಂದ ಬರುವಾಗ ಎಂಟು ಗಂಟೆ, ಆಮೇಲೆ ಏನು ಬೇಯಿಸಿಕೊಂಡಾಳು? ಹಾಗಾಗಿ ಇಲ್ಲೇ ಊಟ.

ಜುಲೈ ೨೫, ಭೀಮನ ಅಮಾವಾಸ್ಯೆ

ಇವತ್ತು ಮುತ್ತೈದೆಯರು ಗಂಡಂದಿರ ಪಾದಪೂಜೆ ಮಾಡುವ ದಿನ. ಹೊರಗೆ ಬರಬಾರದು ಅಂತಲೇ ಇದ್ದೆ. ಹಿತ್ತಿಲಲ್ಲಿ ಸದ್ದಾಯಿತು. ಕೋತಿ ಅಂದುಕೊಂಡು ಕೋಲು ಹಿಡಿದು ಹೋದರೆ, ಶ್ರೀರಂಗಮ್ಮನವರು ಮಡಿಸೀರೆಯಲ್ಲಿ ನಮ್ಮ ತೊಟ್ಟಿಯ ಪಕ್ಕ ನಿಂತು ಚೊಂಬಿನಲ್ಲಿ ತಲೆಗೆ ಸುರಿದುಕೊಳ್ಳುತ್ತಿದ್ದಾರೆ. ಸೊಳ್ಳೆಪರದೆ ಸರಿಸಿ, ನೀರಿಗೆ ಅರಿಶಿನ ಕುಂಕುಮ ಹೂವು ಹಾಕಿ ಪೂಜೆಯೂ ಆಗಿತ್ತು. ಹೋದ ತಿಂಗಳವರೆಗೆ ಈ ತೊಟ್ಟಿಯ ಸೊಳ್ಳೆಗಳು ತಮ್ಮ ರಕ್ತವನ್ನೇ ಕುಡಿಯುತ್ತಿವೆ ಅಂತ ಪುರಸಭೆಗೆ ದೂರು ಕೊಟ್ಟವರೂ ಅವರೇ.

ನನ್ನನ್ನು ನೋಡಿ ಏನೂ ಸಂಕೋಚಪಡಲಿಲ್ಲ.

"ಅಮಾವಾಸ್ಯೆ ದಿನ ಸಮುದ್ರಸ್ನಾನ ಮಾಡ್ಬೇಕು ಅಂತ ಹರಕೆ ಇತ್ತು ಕಣ್ರೀ. ನಮ್ಮನೆಯವರ ಮಂಡಿನೋವಲ್ಲಿ ರಾಮೇಶ್ವರಕ್ಕೆ ಹೋಗೋದು ಎಲ್ಲಿ ಬಂತು?"

ಇದು ನಿಜವಾದ ಸಮುದ್ರವಲ್ಲವಲ್ಲ ಅಂದೆ.

"ಉಪ್ಪು ಎಲ್ಲಿಂದ ಬಂತು?"

ಗೋಕರ್ಣದ ಕಡೆಯದು ಅಂತ ಅಂಗಡಿಯವನು ಹೇಳಿದ್ದ.

"ಮತ್ತೆ? ಗೋಕರ್ಣದ ಸಮುದ್ರವನ್ನ ಒಣಗಿಸಿ ಮೂಟೆ ಕಟ್ಟಿ ತಂದಿದ್ದಾರೆ. ನೀವು ನೀರು ಕೊಟ್ರಿ, ಎದ್ದು ಕೂತಿದೆ. ಹಪ್ಪಳ ಕರಿದ ಮೇಲೂ ಹಪ್ಪಳವೇ ತಾನೇ?"

ಸೋಪು ಮಾತ್ರ ಹಾಕಬೇಡಿ ಅಂದೆ.

ಸಂಜೆ ಅಂಕಿ ೧೩೦ಕ್ಕೆ ಏರಿತ್ತು. ರಂಜನಿ ಕಂಗಾಲು. ಪೈಪು ಎತ್ತಿ ಒರೆಸಿ ಮತ್ತೆ ಬಿಟ್ಟಳು, ಆಗಲೂ ೧೩೦. ಒಂದೇ ಹಗಲಲ್ಲಿ ಯಾವ ಪಾಚಿ ಹೀಗೆ ಬೆಳೆಯುತ್ತೆ ಅಂತ ಪುಸ್ತಕ ತಿರುವಿದಳು. ಪಾಚಿಯಲ್ಲ, ಶ್ರೀರಂಗಮ್ಮನವರು ಅಂದೆ. ವಿಷಯ ಕೇಳಿದ ಮೇಲೆ ಕೂಗಾಡಲಿಲ್ಲ. "ಅಂದ್ರೆ ನಮ್ಮ ಪೈಪು ಅರಿಶಿನಾನೂ ಕಂಡುಹಿಡಿದಿದೆ ಆಂಟಿ" ಅಂತ ಕುಣಿದಳು. ಪಾಪ, ಚಿಕ್ಕ ವಯಸ್ಸು.

ಈ ಗಲಾಟೆಯಲ್ಲಿ ಇವತ್ತು ಏನು ಹಬ್ಬ ಅಂತ ಮರೆತೇ ಹೋಗಿತ್ತು. ಈಗ ದಿನಾಂಕ ಬರೆಯುವಾಗ ನೆನಪಾಯಿತು.

ಆಗಸ್ಟ್ ೧೪

ಮಂಗಳೂರಿನವರು ಮುಂದಿನ ಸೋಮವಾರ ಬರುತ್ತಾರಂತೆ. ತಮ್ಮ ದುಬಾರಿ ಯಂತ್ರವನ್ನೂ ತಂದು ಇದೇ ತೊಟ್ಟಿಯಲ್ಲಿ ಇದರ ಪಕ್ಕಕ್ಕೇ ಇಳಿಬಿಟ್ಟು ಎರಡೂ ಒಂದೇ ಲೆಕ್ಕ ಹೇಳುತ್ತವೆಯೇ ಅಂತ ನೋಡುತ್ತಾರೆ. ರಂಜನಿ ಊಟ ಸರಿಯಾಗಿ ಮಾಡಲಿಲ್ಲ. ಎರಡು ವರ್ಷದ ಕೆಲಸವಂತೆ. ಕಾಲೇಜಿನಲ್ಲಿ ಇವಳನ್ನು ಪೈಪ್ ಮೇಡಂ ಅಂತ ಆಡಿಕೊಳ್ಳುತ್ತಾರಂತೆ.

ಎಲ್ಲ ಒಳ್ಳೆಯದಾಗುತ್ತೆ, ನಾನು ಇದೀನಲ್ಲ ಅಂದೆ. ಯಾಕೆ ಹಾಗಂದೆನೋ. ಅಂದ ಮೇಲೆ ನಾನೂ ಏನಾದರೂ ಮಾಡಬೇಕು.

ಆಗಸ್ಟ್ ೧೯, ಶನಿವಾರ

ರಂಜನಿ ಅತಿಥಿಗಳನ್ನು ಕರೆತರಲು ಹಾಸನಕ್ಕೆ ಹೋಗಿ ಗೆಳತಿಯ ಮನೆಯಲ್ಲಿ ಉಳಿದಿದ್ದಾಳೆ.

ಬೆಳಿಗ್ಗೆ ಹಿತ್ತಿಲು ಗುಡಿಸಿದೆ. ಬಚ್ಚಲ ಗೋಡೆಗೆ ಸುಣ್ಣ ಹೊಡೆಸಿದೆ. ಆಮೇಲೆ ತೊಟ್ಟಿ ನೋಡಿದರೆ ನಾಚಿಕೆಯಾಯಿತು. ಪರಸ್ಥಳದ ದೊಡ್ಡ ಮನುಷ್ಯರು ಅಷ್ಟು ದೂರದಿಂದ ಘಾಟಿ ಹತ್ತಿ ಬಂದು, ಇವರು ಕಟ್ಟಿಸಿದ ತೊಟ್ಟಿಗೆ ಬಗ್ಗಿ, ಮೂಗು ಮುಚ್ಚಿಕೊಂಡರೆ? ಮಂಡಿಯಲ್ಲಿ ಇವರ ಕೊಬ್ಬರಿಯಲ್ಲಿ ಒಂದು ಕಪ್ಪು ಚುಕ್ಕಿ ಇರುತ್ತಿರಲಿಲ್ಲ. ಮನೆಗೆ ಜನ ಬರುತ್ತಾರೆ ಅಂದರೆ ಇವರೇ ನಿಂತು ತೊಟ್ಟಿ ಉಜ್ಜಿಸುತ್ತಿದ್ದರು. ರಂಜನಿಗೂ ಒಳ್ಳೆಯ ಹೆಸರು ಬರಬೇಡವೇ?

ಚೆಲ್ಲುವುದಂತೂ ಇಲ್ಲ. ಪಟಿಕ ತಂದೆ. ಕ್ಷೌರದವರು ಗಾಯಕ್ಕೆ ಹಚ್ಚುತ್ತಾರಲ್ಲ, ಆ ಕಲ್ಲು. ಹಿಂದೆ ಕೆರೆ ನೀರು ತಂದಾಗ ನಮ್ಮಮ್ಮ ಅದನ್ನೇ ಆಡಿಸಿ ತಿಳಿ ಮಾಡುತ್ತಿದ್ದರು. ಬಟ್ಟೆಯಲ್ಲಿ ಕಟ್ಟಿ ಕೋಲಿಗೆ ಸಿಕ್ಕಿಸಿ ತೊಟ್ಟಿಯ ಸುತ್ತ ಆಡಿಸಿದೆ. ಶ್ರೀರಂಗಮ್ಮನವರು ಗೋಡೆಯಾಚೆಯಿಂದ ನೋಡಿ, ಸಮುದ್ರಮಥನ ನಡೀತಿದೆಯೇನ್ರೀ, ಏನಾದ್ರೂ ಬಂದ್ರೆ ನನಗೂ ಸ್ವಲ್ಪ ಕೊಡಿ ಅಂದರು.

ಆಗಸ್ಟ್ ೨೦

ಬೆಳಿಗ್ಗೆ ೪೦. ಸಂಜೆ ೯. ಕ್ಯಾಲೆಂಡರಿನಲ್ಲಿ ಇಷ್ಟು ಚಿಕ್ಕ ಅಂಕಿ ಒಂದು ದಿನವೂ ಇಲ್ಲ. ರಂಜನಿ ನೋಡಿದರೆ ಎಷ್ಟು ಖುಷಿಪಡುತ್ತಾಳೋ.

ನಾಳೆಗೆ ಕೋಸಂಬರಿ, ಚಿತ್ರಾನ್ನ, ಹೋಳಿಗೆ.

ಆಗಸ್ಟ್ ೨೧, ಸೋಮವಾರ

ಕೂತು ಸಮಾಧಾನವಾಗಿ ಬರೆಯುತ್ತೇನೆ, ಒಂದೂ ಬಿಡಬಾರದು.

ಹನ್ನೊಂದಕ್ಕೆ ಜೀಪು ಬಂತು. ಇಬ್ಬರು. ಒಬ್ಬರು ಬಿಳಿ ಮೀಸೆಯ ಹಿರಿಯರು. ಇನ್ನೊಬ್ಬ ಹುಡುಗ, ತಮ್ಮ ಯಂತ್ರದ ಪೆಟ್ಟಿಗೆಯನ್ನು ಮದುವೆ ಒಡವೆಯ ಹಾಗೆ ಎದೆಗೆ ಅವುಚಿಕೊಂಡಿದ್ದ. ರಂಜನಿ ಎಲ್ಲರಿಗಿಂತ ಮುಂದೆ ಹಿತ್ತಿಲಿಗೆ ಬಂದಳು. ತೊಟ್ಟಿ ನೋಡಿದಳು. ಹಾಗೇ ನಿಂತಳು.

"ಆಂಟಿ, ನೀರು?"

"ಒಂದು ತೊಟ್ಟೂ ಚೆಲ್ಲಿಲ್ಲ ಕಣಮ್ಮ. ಪಟಿಕ ಹಾಕಿ ತಿಳಿ ಮಾಡಿದ್ದೀನಿ. ಅಂಕಿ ನೋಡು, ಐದು."

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಏನೋ ತಪ್ಪು ಮಾಡಿದ್ದೇನೆ ಅಂತ ಆಗ ಹೊಳೆಯಿತು. ಏನು ತಪ್ಪು ಅಂತ ಹಿರಿಯರು ಹೇಳಿದರು. ಎರಡು ಯಂತ್ರವನ್ನೂ ಅಕ್ಕಪಕ್ಕ ಇಳಿಬಿಟ್ಟು ಸ್ವಲ್ಪ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ನಮ್ಮದೂ ಸೊನ್ನೆಯ ಹತ್ತಿರ, ನಿಮ್ಮದೂ ಸೊನ್ನೆಯ ಹತ್ತಿರ. ತಿಳಿನೀರಿಗೆ ಸೊನ್ನೆ ತೋರಿಸ್ಲಿಕ್ಕೆ ಎಂತ ಉಂಟು ಮೇಡಂ? ಖಾಲಿ ಬಾಟಲಿಗೂ ಆಗ್ತದೆ. ಕಲಕು ನೀರಲ್ಲಿ ನೋಡ್ಲಿಕ್ಕೆ ಅಲ್ವ ನಾವು ಬಂದದ್ದು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರಿಗೆಲ್ಲ ಆಗದ ನೀರು ಇವಳಿಗೆ ಬೇಕಾಗಿತ್ತು. ಆರು ತಿಂಗಳು ನಾನೂ ಅದನ್ನೇ ಕಾಯ್ದೆ, ಬೇಕಾದ ದಿನಕ್ಕೆ ಸರಿಯಾಗಿ ತೊಳೆದಿಟ್ಟೆ. ಹುಡುಗ ಪೆಟ್ಟಿಗೆ ಮುಚ್ಚಲು ಶುರು ಮಾಡಿದ. ಹಿರಿಯರು ಪಾಪ, ನನ್ನ ಮುಖ ನೋಡಲಾಗದೆ ನೀರನ್ನೇ ನೋಡುತ್ತಿದ್ದರು. ಆಮೇಲೆ ಇನ್ನಷ್ಟು ಬಗ್ಗಿದರು.

"ಇದೆಂತದು ಮಾರಾಯ್ರೆ? ಅಡಿಯಲ್ಲಿ ಎಂತದೋ ನಗಾಡ್ತಾ ಉಂಟು."

ನಾನೂ ಬಗ್ಗಿದೆ. ತಿಳಿನೀರಿನ ತಳದಲ್ಲಿ, ಕೂತ ಕೆಸರಿನ ಮೇಲೆ, ಪಾಚಿ ಹಿಡಿದ ಒಂದು ಸಾಲು ಹಲ್ಲು. ಆಕಾಶ ನೋಡಿಕೊಂಡು ನಗುತ್ತಿತ್ತು.

ಕೋತಿಯಂತೆ ಕೋತಿ.

ಆಮೇಲೆ ಮಂಗಳೂರಿನವರು ಇದ್ದದ್ದು ನನಗೆ ನೆನಪಿಲ್ಲ. ಹೂವು ಕೀಳುವ ದೋಟಿ ತಂದೆ. ತೊಟ್ಟಿಗೆ ಇಳಿಬಿಟ್ಟು ಹಲ್ಲನ್ನು ಸಿಕ್ಕಿಸಲು ನೋಡಿದೆ. ಜಾರಿತು. ಮತ್ತೆ ಎಳೆದೆ. ಮೂಲೆಗೆ ಓಡಿತು. ಬದುಕಿದ್ದಾಗ ಇವರು ಹೇಗೋ ಹಾಗೇ, ಕೈಗೆ ಸಿಗುವುದಿಲ್ಲ. ತಳದ ಕೆಸರೆಲ್ಲ ಎದ್ದು ನೀರು ಕದಡಿತು. ಇನ್ನು ಏನೂ ಕಾಣುತ್ತಿಲ್ಲ, ಅಂದಾಜಿನಲ್ಲಿ ಗೋರುತ್ತಿದ್ದೇನೆ. ಹಿಂದೆ ಹುಡುಗನ ದನಿ ಕೇಳಿಸಿತು.

"ಸರ್, ಏರ್ತಾ ಉಂಟು. ಎರಡೂ ಏರ್ತಾ ಉಂಟು."

ನಾನು ದೋಟಿ ಎತ್ತಿ ತಿರುಗಿ ನೋಡಿದೆ. ಹಿರಿಯರು ಎರಡು ಕಿಟಕಿಗಳ ನಡುವೆ ಮಂಡಿಯೂರಿ ಕೂತಿದ್ದರು.

"ನಿಲ್ಲಿಸ್ಬೇಡಿ ಅಮ್ಮ, ತಿರುಗಿಸಿ. ಇನ್ನೂ ಜೋರು. ಮೇಡಂ, ನೀವು ಬರೆದುಕೊಳ್ಳಿ. ಮೂವತ್ತು, ಮೂವತ್ತೆರಡು. ಐವತ್ತು, ಐವತ್ತೊಂದು."

ನಾನು ಹಲ್ಲು ಹುಡುಕಿದೆ, ಅವರು ಅಂಕಿ ಕೂಗಿದರು, ರಂಜನಿ ಕಣ್ಣೊರೆಸಿಕೊಂಡು ಬರೆದುಕೊಂಡಳು. ಹಿರಿಯರು ಆಗಾಗ ಸ್ವಲ್ಪ ಸುಮ್ಮನಿರಿ ಅನ್ನುತ್ತಿದ್ದರು, ಕೆಸರು ಇಳಿಯುತ್ತಿತ್ತು, ಎರಡೂ ಇಳಿಯುತ್ತಿದ್ದವು. ಮತ್ತೆ ತಿರುಗಿಸಿ ಅನ್ನುತ್ತಿದ್ದರು, ಎರಡೂ ಏರುತ್ತಿದ್ದವು. ಲಕ್ಷದ್ದೂ ಮಿಕ್ಸಿಗಿಂತ ಅಗ್ಗದ್ದೂ ಜೋಡೆತ್ತಿನ ಹಾಗೆ ಒಂದೇ ಹೆಜ್ಜೆ. ಕೊನೆಗೆ ಸೆರಗು ಸಿಕ್ಕಿಸಿ, ಕೈಯನ್ನೇ ಭುಜದವರೆಗೆ ಹಾಕಿ ಹಲ್ಲು ತೆಗೆದೆ.

ಶ್ರೀರಂಗಮ್ಮನವರು ಗೋಡೆಯ ಮೇಲಿಂದ ಎಲ್ಲ ನೋಡುತ್ತಿದ್ದರು.

"ಅಲ್ಲಾ ದಾಕ್ಷಾಯಣಮ್ಮ, ಹಾಗಾದ್ರೆ ಆ ಮುದಿ ಕೋತಿಗೆ ನಾನು ಇಷ್ಟು ದಿನ ಸುಮ್ಮನೆ ಬೈದೆನಲ್ಲ."

ನಗು ಬಂತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ. ಒಗೆಯುವ ಕಲ್ಲಿನ ಮೇಲೆ ರಂಜನಿ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡೆ. ಅವಳಿಗೂ ಹತ್ತಿಕೊಂಡಿತು. ಹಿರಿಯರು ಯಾಕೆ ಅಂತ ತಿಳಿಯದೇ ನಗುತ್ತಿದ್ದರು. ಹುಡುಗನೊಬ್ಬ ಗಂಭೀರವಾಗಿ, ಇದು ಯಾವ ಪ್ರಾಣಿಯದು ಅಂತ ಕೇಳಿದ.

ನಮ್ಮ ಯಜಮಾನರದು ಅಂದೆ.

ಹೋಳಿಗೆ ಎಲ್ಲರೂ ಎರಡೆರಡು ತಿಂದರು. ಒಪ್ಪಿಗೆ ಬರವಣಿಗೆಯಲ್ಲಿ ಆಮೇಲೆ ಬರುತ್ತದೆ, ಆದರೆ ಆಯಿತು ಅಂತ ತಿಳಿದುಕೊಳ್ಳಿ ಅಂದರು ಹಿರಿಯರು.

ಆಗಸ್ಟ್ ೨೨

ಹಲ್ಲನ್ನು ಬೂದಿ ಹಾಕಿ ಉಜ್ಜಿದೆ. ಬೆಳ್ಳಗಾಯಿತು. ಮಠದ ಈಶ್ವರಯ್ಯನವರ ಹತ್ತಿರ ಹೋಗಿ ಕೇಳಿದೆ. ಸಮಾಧಿ ಮಾಡಿದ ಮೇಲೆ ಸಿಕ್ಕ ಹಲ್ಲನ್ನು ಏನು ಮಾಡಬೇಕು ಅಂತ.

"ಶಾಸ್ತ್ರದಲ್ಲಿ ಕಟ್ಟಿಸಿದ ಹಲ್ಲಿನ ಮಾತು ಬಂದಿಲ್ಲ ತಾಯಿ. ಯಾರದೋ ಅವರಿಗೆ ಮುಟ್ಟಿಸ್ಬುಡಿ."

ಪಿತೃಪಕ್ಷ ಬರಲಿ ಅಂದುಕೊಂಡೆ.

ಸೆಪ್ಟೆಂಬರ್ ೧೦, ಭಾನುವಾರ

ಅಂಥ ಹತ್ತು ಪೈಪು ಮಲ್ಪೆಗೆ ಹೋದವು, ರಂಜನಿಯೂ ಜೊತೆಗೆ. ಸಮುದ್ರದ ಮೇಲಿಂದಲೇ ಮೊಬೈಲಿನಲ್ಲಿ ಮಾತಾಡಿದಳು. ಗಾಳಿಯಲ್ಲಿ ಅರ್ಧ ಕೇಳಿಸಿತು. ಹೊಳೆ ಸೇರುವ ಬಾಯಲ್ಲಿ ಅಂಕಿ ಎಪ್ಪತ್ತೊಂಬತ್ತಂತೆ. ನಿಮ್ಮ ತೊಟ್ಟಿ ಇಲ್ಲೇ ಇದೆ ಆಂಟಿ ಅಂದಳು.

ಇಲ್ಲಿ ಇನ್ನು ತೊಟ್ಟಿಗೆ ಕೆಲಸವಿಲ್ಲ. ತಳದ ತೂತಿನ ಬಿರಟೆ ಕಿತ್ತೆ. ತೆಂಗಿಗೆ ಉಪ್ಪು ಒಳ್ಳೆಯದು, ಆದರೆ ಒಂದಕ್ಕೇ ಬಿಟ್ಟರೆ ಸುಟ್ಟುಹೋದೀತು ಅಂತ ಕಾಲುವೆ ಮಾಡಿ ಎಲ್ಲ ಮರಕ್ಕೂ ಹಂಚಿದೆ. ಎಲ್ಲ ಇವರು ಇಟ್ಟ ಸಸಿಗಳೇ. ಶ್ರೀರಂಗಮ್ಮನವರು ಓಡಿ ಬಂದು ಎರಡು ಬಾಟಲಿ ಹಿಡಿದಿಟ್ಟುಕೊಂಡರು, ಮುಂದಿನ ಅಮಾವಾಸ್ಯೆಗೆ.

ತೊಟ್ಟಿ ಉಜ್ಜಿ ಉಜ್ಜಿ ಸೊಂಟ ನೋವು. ನಾಳೆ ನಲ್ಲಿಯಲ್ಲಿ ನೀರು ಬರುವ ದಿನ.

ಸೆಪ್ಟೆಂಬರ್ ೨೨, ಮಹಾಲಯ ಅಮಾವಾಸ್ಯೆ

ನಸುಕಿಗೇ ಎದ್ದು ತೊಟ್ಟಿಯ ನೀರಿನಲ್ಲಿ ತಲೆಗೆ ಸ್ನಾನ ಮಾಡಿದೆ. ರಂಜನಿಯೂ ಸಮಾಧಿಗೆ ಬರುತ್ತೇನೆ ಅಂದಳು. ತಲೆಯ ನೇರಕ್ಕೆ ಒಂದು ಗೇಣು ಅಗೆದು ಹಲ್ಲು ಇಟ್ಟು ಮಣ್ಣು ಮುಚ್ಚಿದೆ. ಕೋತಿ ಅಂದಿರಲ್ಲ ಅಂತ ಒಂದು ಮಾತು ಕೇಳಿದೆ.

ಎಡೆಗೆ ಮುದ್ದೆ ಪಾಯಸ ಎರಡೂ ಮಾಡಲಿಲ್ಲ. ಕೋಡುಬಳೆ ಮಾಡಿಕೊಂಡು ಹೋಗಿದ್ದೆ, ಗಟ್ಟಿಯಾಗಿ. ಒಂದು ತಟ್ಟೆ ತುಂಬ ಇಟ್ಟೆ. ಉಪ್ಪು ಖಾರ ಸರಿಯಾಗಿದೆಯೇ ಅಂತ ಇಡುವ ಮೊದಲು ನಾನೇ ಒಂದು ಮುರಿದು ತಿಂದು ನೋಡಿದೆ. ಎಡೆಯನ್ನು ಹಾಗೆ ತಿನ್ನಬಾರದು. ಚೆನ್ನಾಗಿತ್ತು, ಇನ್ನೊಂದು ತಿಂದೆ.